ಕುಮಟಾ ಹತ್ತಿ ನಮ್ಮದೇ!

ಕುಮಟಾ ಅಂದ್ರೆ ಗೋಕರ್ಣಕ್ಕೆ ಹೋಗುವಾಗ ಬಸ್ಸು ಬದಲಿಸೋ ಊರು ಅಂತ ನಮ್ಮ ಸಪ್ತಾಪುರದಲ್ಲಿ ಯಾರಾದರೂ ಅಂದ್ರೆ ನನಗೆ ಸಿಟ್ಟು ಬರುತ್ತೆ.

19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬೈಗೆ ಹೋಗ್ತಿತ್ತು. ಬೆಳೆದದ್ದು ನಮ್ಮ ಎರಿಹೊಲದಲ್ಲಿ, ಪೇಟೆಯಲ್ಲಿ ಹೆಸರು ಮಾತ್ರ 'ಕುಮಟಾ ಹತ್ತಿ'! (ಕರಾವಳಿಯ ಆ ಮಳೆಗೆ ಹತ್ತಿ ಎಲ್ಲಿ ಬೆಳೀಬೇಕು ಹೇಳಿ...) 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯ ಇತ್ತು.

1880ರ ದಶಕದ ಕೊನೆಗೆ ಹುಬ್ಬಳ್ಳಿ-ಧಾರವಾಡದ ರೈಲು ಮರ್ಮಗೋವಾ ಮುಟ್ಟಿತು. ಕುಮಟಾ ವ್ಯಾಪಾರ ಸೊರಗಿತು. ಅದಕ್ಕೆ ಆ ಊರಿನವರ ಆಲಸ್ಯ ಕಾರಣ ಅಲ್ಲ, ಹಳಿ ಬೇರೆ ಕಡೆ ಹಾಕಿದ್ದು ಕಾರಣ. ಗಂಧದ ಕೆತ್ತನೆಗೆ ಇವತ್ತಿಗೂ ಹೆಸರಾದ ಊರನ್ನು ಆಲಸಿ ಅನ್ನೋದು ಹೇಗೆ? ಧಾರವಾಡದ ಇತಿಹಾಸ ಬರೆಯೋರು ಕುಮಟಾಕ್ಕೂ ನಾಲ್ಕು ಪುಟ ಕೊಡಲಿ.