ಅಪ್‌ಡೇಟ್ ಬೇಕು, ಆತುರ ಬೇಡ

ಶಿವಮೊಗ್ಗದ ನಮ್ಮ ಬಾಡಿಗೆ ರೂಮಿನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಭದ್ರಾವತಿಯಿಂದ ಬಂದುಹೋಗುವ ಗೆಳೆಯರೂ ಸೇರಿ ನಾವೆಲ್ಲ ವರದಿ ಬರೆಯುವುದು, ಆಡಿಯೊ ಎಡಿಟ್ ಮಾಡುವುದು ಇದರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಇದರಲ್ಲಿಲ್ಲ. ಹೆಸರು ನೋಂದಾಯಿಸಿ ಇನ್ನೊಂದು ವರ್ಷ ದೂಡಬಹುದಿತ್ತು, ಆಮೇಲೆ ಮತ್ತದೇ ಕತೆ. ಹೊಸದು ಕೊಳ್ಳಲು ದುಡ್ಡಿಲ್ಲ. ಉಚಿತವಾಗಿ ಸಿಗುವ ಉಬುಂಟು ಹಾಕೋಣ ಎಂದಾಯಿತು.

ಆದರೆ ಯಾವ ಉಬುಂಟು? ಜಗಳ ಶುರುವಾಗಿದ್ದೇ ಇಲ್ಲಿ.

ಅದರಲ್ಲಿ ಎರಡು ದಾರಿಗಳಿವೆ. ಎಲ್‌ಟಿಎಸ್ ಎನ್ನುವುದು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ನಡುನಡುವೆ ಆರು ತಿಂಗಳಿಗೊಮ್ಮೆ ಬರುವ ಆವೃತ್ತಿಗಳಿಗೆ ಬೆಂಬಲ ಒಂಬತ್ತೇ ತಿಂಗಳು. ಅಂದು ನಮ್ಮ ಮುಂದಿದ್ದದ್ದು 24.04 ಮತ್ತು 25.10. ಈ ಅಂಕಿಗಳೆಂದರೆ ಬಿಡುಗಡೆಯಾದ ವರ್ಷ ಮತ್ತು ತಿಂಗಳು. ಮೊದಲನೆಯದು ಎಲ್‌ಟಿಎಸ್, 2029ರವರೆಗೆ ಬಾಳುತ್ತದೆ. ಎರಡನೆಯದು ಹೊಸದು, ಆದರೆ 2026ರ ಜುಲೈವರೆಗೆ ಮಾತ್ರ.

ನಮ್ಮಲ್ಲಿ ಕೆಲವರಿಗೆ ಹೊಸದೇ ಬೇಕಿತ್ತು. ಕೊನೆಗೆ 24.04 ಹಾಕಿದೆವು. ಅದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆವೃತ್ತಿ ಬದಲಿಸುವುದೆಂದರೆ ಜಿಬಿಗಟ್ಟಲೆ ಡೇಟಾ, ಅದೂ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರೆ ಹಳೇ ಬ್ಯಾಟರಿ ತಡೆಯುವುದಿಲ್ಲ. ಆ ಸಾಹಸ ಆರು ತಿಂಗಳಿಗೊಮ್ಮೆ ಯಾಕೆ? ನುಡಿಯಲ್ಲಿ ಕಲಿತ ಕೆಜಿಪಿ ಕೀಲಿವಿನ್ಯಾಸ ಇದರಲ್ಲೂ ಸಿಗುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಹೊಸದನ್ನು ಹಾಕಿ ನೋಡುವವರನ್ನು ನಾವು ಹೀಗಳೆಯುತ್ತಿಲ್ಲ. ಅವರು ತಪ್ಪು ಹುಡುಕಿಕೊಡುವುದರಿಂದಲೇ ನಮಗೆ ಗಟ್ಟಿಯಾದದ್ದು ಸಿಗುತ್ತದೆ. ಈಗಷ್ಟೇ ಮಾರುಕಟ್ಟೆಗೆ ಬಂದ ಯಂತ್ರಕ್ಕೆ ಹೊಸ ಆವೃತ್ತಿಯೇ ಬೇಕಾಗಲೂಬಹುದು. ಆದರೆ ಹೊಸ ಅಡಿಕೆ ತಳಿ ಬಂತೆಂದು ಯಾರೂ ಫಸಲು ಕೊಡುವ ತೋಟ ಕಡಿಯುವುದಿಲ್ಲ. ಅಂಚಿನಲ್ಲಿ ನಾಲ್ಕು ಸಸಿ ನೆಟ್ಟು ನೋಡುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. 'ತಲೆನೋವೇ ಬೇಡ ಅಂತ ಅಪ್‌ಡೇಟ್ ಆಫ್ ಮಾಡಿಸಿದೀನಿ' ಎನ್ನುವವರು ಊರೂರಲ್ಲೂ ಇದ್ದಾರೆ. ಇದು ಸ್ಥಿರತೆಯಲ್ಲ. ಭದ್ರತಾ ಅಪ್‌ಡೇಟ್ ಅಂದರೆ ಮಾಡಿನ ಒಡೆದ ಹೆಂಚು ಬದಲಿಸಿದಂತೆ. ಹೊಸ ಆವೃತ್ತಿ ಅಂದರೆ ಮನೆಯನ್ನೇ ಬಿಚ್ಚಿ ಕಟ್ಟಿದಂತೆ. ಎರಡನೆಯದಕ್ಕೆ ಕಾಯಬಹುದು, ಮೊದಲನೆಯದಕ್ಕೆ ಕಾಯಬಾರದು.

ನಿಮ್ಮ ಕೈಯಲ್ಲಿರುವ ಫೋನಿಗೂ ಇದೇ ಮಾತು. ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳದ್ದೆಂದು ನೋಡಿ. ಬಾಕಿ ಇದ್ದರೆ ಚಾರ್ಜ್ ತುಂಬಿಸಿ, ಹಾಕಿಸಿಕೊಳ್ಳಿ. 'ಬೀಟಾ' ಎಂದಿದ್ದರೆ ಮುಟ್ಟಬೇಡಿ. ಅದರಿಂದ ಹಿಂದಕ್ಕೆ ಬರುವಾಗ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು, ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ.

ಬ್ಯಾಂಕಿನ ಒಟಿಪಿ ಬರುವುದು ಆ ಫೋನಿಗೇ. ಅದರಲ್ಲಿ ಪ್ರಯೋಗವೂ ಬೇಡ, ಉದಾಸೀನವೂ ಬೇಡ.