ಅತ್ತೆಯ ಹೆಸರು

ಫ್ರಾನ್ಸಿಗೆ ಹೋಗಿಬಂದವರು ಐಫೆಲ್ ಗೋಪುರದ ಮುಂದೆ ನಿಂತ ಫೋಟೋ ತೋರಿಸುತ್ತಾರೆ, ಸೆಂಟಿನ ಶೀಸೆ ತೋರಿಸುತ್ತಾರೆ. ಅಂಥದ್ದೇನೂ ಇಲ್ಲದ ಒಂದು ಪುಟ್ಟ ಊರಿಗೆ ಈ ಸಲ ನಿಮ್ಮನ್ನು ಕರೆದುಕೊಂಡು ಹೋಗ್ತೀನಿ, ಬನ್ನಿ. ಹೆಸರು ಇಲಿಯೆ-ಕೊಂಬ್ರೆ. ಪ್ಯಾರಿಸ್ಸಿನಿಂದ ಶಾರ್ತ್ರ್‌ವರೆಗೆ ಒಂದು ರೈಲು. ಅಲ್ಲಿಳಿದು ಇನ್ನೊಂದು ಸಣ್ಣ ರೈಲು ಹತ್ತಿದರೆ ಸುಮಾರು 25 ಕಿಲೋಮೀಟರು. ದಾರಿಯುದ್ದಕ್ಕೂ ಗೋಧಿ ಹೊಲಗಳು. ಬೋಸ್ ಎಂಬ ಈ ಬಯಲುಸೀಮೆ ಫ್ರಾನ್ಸಿನ ಕಣಜ.

ಊರಿನಲ್ಲಿರುವುದು 3,000 ಚಿಲ್ಲರೆ ಜನ. ಮಧ್ಯಾಹ್ನ ಊಟದ ಹೊತ್ತಾಯಿತೋ, ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ನಾವು ಹೋದಾಗ ಬೀದಿಯಲ್ಲಿ ನಾನು, ನನ್ನ ಮಗಳು, ಒಂದು ಬೆಕ್ಕು, ಅಷ್ಟೇ. ಹೋಗುವವರು ಒಂದು ಮಾತು ನೆನಪಿಡಿ: ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋಂಜೂರ್ ಮದಾಮ್' ಅನ್ನಬೇಕು. ಅದನ್ನು ಬಿಟ್ಟು ನೇರ ಬೆಲೆ ಕೇಳಿದರೆ ಮುಖ ಗಂಟಾಗುತ್ತದೆ!

ಊರಿನ ಹಳೆಯ ಹೆಸರು ಬರೀ ಇಲಿಯೆ. ಮಾರ್ಸೆಲ್ ಪ್ರೂಸ್ತ್ ಎಂಬ ಕಾದಂಬರಿಕಾರ ಚಿಕ್ಕವನಿದ್ದಾಗ ರಜೆಗೆ ಇಲ್ಲಿನ ಸೋದರತ್ತೆಯ ಮನೆಗೆ ಬರುತ್ತಿದ್ದ. ಉಬ್ಬಸ ಶುರುವಾದ ಮೇಲೆ ಬರುವುದು ನಿಂತಿತು. ಮುಂದೆ ಅವನು ಬರೆದ ಏಳು ಭಾಗಗಳ ಕಾದಂಬರಿಯ ಮೊದಲ ಭಾಗ ಬಂದದ್ದು 1913ರಲ್ಲಿ. ಅದರಲ್ಲಿ ಈ ಊರು ಕೊಂಬ್ರೆ ಆಯಿತು. ಅವನು ಹುಟ್ಟಿ 100 ವರ್ಷವಾದ 1971ರಲ್ಲಿ ಊರಿನವರು ಕಥೆಯ ಹೆಸರನ್ನೇ ತಮ್ಮ ಊರಿನ ಹೆಸರಿಗೆ ಅಂಟಿಸಿಕೊಂಡರು.

ಕಾದಂಬರಿಯ ಆ ಪ್ರಸಿದ್ಧ ಪ್ರಸಂಗ ನಡೆಯುವುದು ಒಂದು ಟೀ ಬಟ್ಟಲಿನಲ್ಲಿ. ಚಳಿಗಾಲದ ದಿನ ತಾಯಿ ಮಗನಿಗೆ ಟೀ ಜೊತೆ ಮಾದ್ಲೆನ್ ಎಂಬ ಕೇಕು ಕೊಡುತ್ತಾಳೆ. ಅದ್ದಿ ಬಾಯಿಗಿಟ್ಟ ಕೂಡಲೇ, ಭಾನುವಾರ ಬೆಳಿಗ್ಗೆ ಲಿಯೋನಿ ಅತ್ತೆ ಹೀಗೇ ಅದ್ದಿ ಕೊಡುತ್ತಿದ್ದದ್ದು ನೆನಪಾಗಿ, ಇಡೀ ಊರೇ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ.

ಆ ಅತ್ತೆಯ ಮನೆ ಈಗ ಮ್ಯೂಸಿಯಂ. ಕೆಳಗೆ ಅಡುಗೆಮನೆ, ಮೇಲೆ ಅತ್ತೆಯ ಕೋಣೆ. ಕಥೆಯಲ್ಲಿ ಗಂಡ ಸತ್ತ ಮೇಲೆ ಲಿಯೋನಿ ಮೊದಲು ಊರು ಬಿಟ್ಟು ಹೊರಡುವುದನ್ನು ನಿಲ್ಲಿಸುತ್ತಾಳೆ, ಆಮೇಲೆ ಮನೆ, ಆಮೇಲೆ ಕೋಣೆ, ಕೊನೆಗೆ ಹಾಸಿಗೆಯಿಂದಲೇ ಏಳುವುದಿಲ್ಲ. ಕಿಟಕಿಯೇ ಅವಳ ಪ್ರಪಂಚ. ಗುರುತಿಲ್ಲದ ಒಂದು ನಾಯಿ ಬೀದಿಯಲ್ಲಿ ಹೋದರೂ ಅದು ಯಾರದು ಎಂದು ಗೊತ್ತಾಗುವ ತನಕ ಸಮಾಧಾನವಿಲ್ಲ! ಓದುವಾಗ ನಗು ಬರುತ್ತೆ. ಆ ಕೋಣೆಯಲ್ಲಿ ನಿಂತಾಗ ನನಗೆ ಬರಲಿಲ್ಲ. ಎರಡು ಗಂಟೆಯ ಮಟ್ಟಿಗೆ ಬಂದ ನಮಗೆ ಈ ಊರಿನ ಮೌನ ಹಿತ. ವರ್ಷಗಟ್ಟಲೆ ಅದೇ ಕಿಟಕಿಯ ಹಿಂದೆ ಕಳೆಯುವವಳಿಗೆ?

ನಿಜವಾದ ಸೋದರತ್ತೆ ವಿಧವೆಯಲ್ಲ. ಗಂಡ ಜೂಲ್ ಅಮಿಯೊ ಬಟ್ಟೆ ವ್ಯಾಪಾರಿ; ಅವಳು ಹೋದ ಮೇಲೂ ಬದುಕಿದ್ದ. ಊರಂಚಿನ ತೋಟ ಮಾಡಿಸಿದ್ದೂ ಅವನೇ. ಅಳಿಯ ಕಥೆಯ ಅನುಕೂಲಕ್ಕೆ ಮಾವನನ್ನು ಮೊದಲೇ ಕಳಿಸಿಬಿಟ್ಟ! ಅತ್ತೆಯ ತಮ್ಮ ಆದ್ರಿಯನ್, ಅಂದರೆ ಮಾರ್ಸೆಲ್‌ನ ತಂದೆ, ಇದೇ ಊರಿನ ದಿನಸಿ ಅಂಗಡಿಯವರ ಮಗ. ಪ್ಯಾರಿಸ್ಸಿನಲ್ಲಿ ಓದಿ, ಕಾಲರಾ ತಡೆಯುವ ಕೆಲಸದಲ್ಲಿ ಹೆಸರಾದ ಡಾಕ್ಟರು. ಅಕ್ಕ ಊರಿನಲ್ಲೇ ಉಳಿದಳು.

ಈಗ ಬೋರ್ಡುಗಳನ್ನು ನೋಡಿ. ಅವಳ ಮನೆಯಿರುವ ಬೀದಿಗೆ ಡಾಕ್ಟರ್ ತಮ್ಮನ ಹೆಸರು. ಊರಿಗೆ ಅಳಿಯನ ಕಥೆಯ ಹೆಸರು. ಮನೆಗಾದರೂ ಅವಳದೇ? ಊಹೂಂ, 'ಲಿಯೋನಿ ಅತ್ತೆಯ ಮನೆ'. ಅವಳ ಹೆಸರು ಎಲಿಜಬೆತ್, ಸೋದರಿಯರೇ. ಎಲಿಜಬೆತ್ ಅಮಿಯೊ.

ಮಾದ್ಲೆನ್ ಮಾಡುವುದು ಕಷ್ಟವಲ್ಲ. ಎರಡು ಮೊಟ್ಟೆಯನ್ನು 100 ಗ್ರಾಂ ಸಕ್ಕರೆಯೊಂದಿಗೆ ನೊರೆ ಬರುವಂತೆ ಕಡೆಯಿರಿ. 100 ಗ್ರಾಂ ಮೈದಾ, ಅರ್ಧ ಚಮಚ ಬೇಕಿಂಗ್ ಪೌಡರ್, ತುರಿದ ನಿಂಬೆ ಸಿಪ್ಪೆ ಬೆರೆಸಿ. ಕರಗಿಸಿ ಆರಿಸಿದ 100 ಗ್ರಾಂ ಬೆಣ್ಣೆ ಹಾಕಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಕಪ್ಪೆಚಿಪ್ಪಿನಾಕಾರದ ಅಚ್ಚು ಸಿಗದಿದ್ದರೆ ಸಣ್ಣ ಕಪ್ ಕೇಕ್ ಅಚ್ಚೇ ಸಾಕು. 200 ಡಿಗ್ರಿ ಕಾದ ಓವನ್ನಿನಲ್ಲಿ ಹತ್ತು ನಿಮಿಷ. ನಡುವೆ ಸಣ್ಣ ಗುಬ್ಬಿ ಎದ್ದರೆ ಬೆಂದಿದೆ ಅಂತ. ಅದೇ ದಿನ ತಿಂದು ಮುಗಿಸಿ, ಮಾರನೇ ದಿನಕ್ಕೆ ಒಣಗುತ್ತೆ. ಒಣಗಿದ್ದನ್ನು ಟೀಗೆ ಅದ್ದಿಕೊಳ್ಳಬಹುದು.