ಕೊಂಡದ್ದು ನಮ್ಮದಾಗಬೇಕು

ಗೇರುಸೊಪ್ಪದ ನಮ್ಮ ವಾಚಕರೊಬ್ಬರು ಒಂದು ಕಾಗದ ಬರೆದಿದ್ದಾರೆ. ಅವರದು ಚಿಕ್ಕ ಕಿರಾಣಿ ಅಂಗಡಿ. ಮಗ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದನೆಂದು ಸಂತೋಷಪಟ್ಟು, ಅವನು ಬಹುದಿನದಿಂದ ಬಯಸಿದ್ದ ಕಂಪ್ಯೂಟರ್ ಆಟವೊಂದನ್ನು ಅಂತರ್ಜಾಲದ ಒಂದು ಅಂಗಡಿಯಿಂದ 1,200 ರೂಪಾಯಿ ತೆತ್ತು ಕೊಡಿಸಿದರಂತೆ. ಆಷಾಢದ ಮಳೆಗೆ ಮರ ಬಿದ್ದು ನಾಲ್ಕು ದಿನ ನೆಟ್ ಹೋಯಿತು. ಕರೆಂಟು ಇತ್ತು, ಕಂಪ್ಯೂಟರ್ ಇತ್ತು, ಆಟವೂ ಅದರೊಳಗೇ ಇತ್ತು. ಆದರೆ ತೆರೆಯಹೋದರೆ, ನೆಟ್ ಇಲ್ಲದೆ ನಿಮ್ಮ ಹಕ್ಕನ್ನು ಪರಿಶೀಲಿಸಲಾಗದು ಎಂಬ ಉತ್ತರ ಬಂತು. “ನಾನು ಐದು ಕಿಲೋ ಅಕ್ಕಿ ಮಾರಿದರೆ, ಗಿರಾಕಿ ಅನ್ನಕ್ಕಿಡುವಾಗೆಲ್ಲ ನನ್ನ ಅಪ್ಪಣೆ ಕೇಳಬೇಕೇ?” ಎಂದು ಅವರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಆಟದ ಮಾತು ಸಂಪಾದಕೀಯಕ್ಕೆ ತಕ್ಕದ್ದೇ ಎಂದು ಹಿರಿಯರು ಹುಬ್ಬೇರಿಸಬಹುದು. ಹಣ ಕಟ್ಟಿ ಆಡುವ ಜೂಜಿನ ಮಾತು ಇದಲ್ಲ; ಅದನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದೆ. ನಾವು ಹೇಳುತ್ತಿರುವುದು ಕಥೆ, ಚಿತ್ರ, ಸಂಗೀತ ಕೂಡಿದ, ಸಿನೆಮಾದಂತೆಯೇ ಒಮ್ಮೆ ದುಡ್ಡು ಕೊಟ್ಟು ಪಡೆಯುವ ಸರಕಿನ ವಿಚಾರ. ಗಿರಣಿಯ ಪಾಳಿ ಮುಗಿಸಿ ಬಂದವನ ಮಗನೂ ಈಗ ಈ ಅಂಗಡಿಗಳ ಗಿರಾಕಿಯೇ.

ಉತ್ತರ ಕನ್ನಡದವರಿಗೆ ಮೂಲಗೇಣಿ, ಚಾಲಗೇಣಿಗಳ ಭೇದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂಲಗೇಣಿಯವನನ್ನು ಸುಲಭವಾಗಿ ಒಕ್ಕಲೆಬ್ಬಿಸುವಂತಿರಲಿಲ್ಲ. ಚಾಲಗೇಣಿಯವನಾದರೋ ಒಡೆಯನ ಮರ್ಜಿ ಇರುವವರೆಗೆ ಮಾತ್ರ ಗದ್ದೆಯಲ್ಲಿ ಇರತಕ್ಕವನು. 1974ರ ಭೂಸುಧಾರಣಾ ಕಾನೂನು ಆ ಕಾಲಕ್ಕೆ ತೆರೆ ಎಳೆಯಿತು. ಆದರೆ ಅಂತರ್ಜಾಲದ ಅಂಗಡಿಗಳಲ್ಲಿ ಚಾಲಗೇಣಿ ಮತ್ತೆ ಹುಟ್ಟಿ ಬಂದಿದೆ. “ಕೊಳ್ಳಿರಿ” ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ. ನಿಮಗೆ ಕೊಟ್ಟದ್ದು ಬಳಸುವ ಪರವಾನಗಿ ಮಾತ್ರ ಎಂಬುದನ್ನು ಕರಾರಿನ ಹೊಟ್ಟೆಯೊಳಗೆ ಬಚ್ಚಿಡುತ್ತಾರೆ. ಆ ಪರವಾನಗಿಯನ್ನು ಕಾಯಲು ಆಟಕ್ಕೆ ಹಾಕಿದ ಬೀಗಕ್ಕೆ ಡಿ.ಆರ್.ಎಂ. ಎಂದು ಹೆಸರು. ಬೀಗದ ಕೈ ಕಂಪೆನಿಯ ಸೊಂಟದಲ್ಲೇ ಇರುತ್ತದೆ.

ಇದು ಬರಿಯ ಶಂಕೆಯಲ್ಲ. ಫ್ರಾನ್ಸಿನ ಯೂಬಿಸಾಫ್ಟ್ ಕಂಪೆನಿ 2014ರಲ್ಲಿ ‘ದಿ ಕ್ರೂ’ ಎಂಬ ಮೋಟಾರು ಓಟದ ಆಟವನ್ನು ಮಾರಾಟಕ್ಕೆ ತಂದಿತು. 2024ರ ಮಾರ್ಚ್ 31ರಂದು ಅದರ ಸರ್ವರುಗಳನ್ನು ಮುಚ್ಚಿತು. ಒಬ್ಬರೇ ಕುಳಿತು ಆಡುತ್ತಿದ್ದವರಿಗೂ ಅಂದಿನಿಂದ ಆಟವಿಲ್ಲ. ಇದರಿಂದ ಯೂರೋಪಿನಲ್ಲಿ ಎದ್ದ ಚಳವಳಿಯ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು.

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪೆನಿ 2008ರಲ್ಲಿ ತೆರೆದ ‘ಜಿ.ಓ.ಜಿ.’ ಎಂಬ ಅಂಗಡಿ ಬೀಗವಿಲ್ಲದ ಆಟಗಳನ್ನು ಮಾರುತ್ತದೆ. ಹಣ ಕೊಟ್ಟವನು ಆಟದ ಸ್ಥಾಪನಾ ಕಡತವನ್ನು ಇಳಿಸಿಕೊಂಡು ತನ್ನ ಪೆನ್‌ಡ್ರೈವಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ಇಟ್ಟುಕೊಳ್ಳಬಹುದು. ಹತ್ತು ವರ್ಷದ ಮೇಲೆ ತೆಗೆದು ಹಾಕಿದರೂ ಅದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹಳೆಯ ಆಟಗಳನ್ನು ಹೊಸ ಯಂತ್ರಗಳಲ್ಲಿ ನಡೆಯುವಂತೆ ಸರಿಪಡಿಸಿಡುವ ಕಾರ್ಯಕ್ರಮವನ್ನೂ 2024ರ ನವೆಂಬರಿನಲ್ಲಿ 100 ಆಟಗಳಿಂದ ಆರಂಭಿಸಿತು.

ಈ ಅಂಗಡಿಯವರು ಧರ್ಮಛತ್ರ ಇಟ್ಟವರೆಂದು ನಾವು ಹೇಳುವುದಿಲ್ಲ. ಅವರೂ ವ್ಯಾಪಾರಿಗಳೇ. 2021ರ ಸೆಪ್ಟೆಂಬರಿನಲ್ಲಿ, ನೆಟ್ ಇಲ್ಲದೆ ಹಲವು ಭಾಗಗಳು ತೆರೆಯದ ‘ಹಿಟ್‌ಮ್ಯಾನ್’ ಎಂಬ ಆಟವನ್ನು ಮಾರಾಟಕ್ಕಿಟ್ಟರು. ಗಿರಾಕಿಗಳು ಸುಮ್ಮನಿರಲಿಲ್ಲ, ಕೊಟ್ಟ ಮಾತೇನಾಯಿತೆಂದು ಒಕ್ಕೊರಲಿನಿಂದ ಕೇಳಿದರು. ಅಕ್ಟೋಬರಿನಲ್ಲಿ ಆ ಆಟ ಅಂಗಡಿಯಿಂದ ಇಳಿಯಿತು. ಕೊಳ್ಳುವವರು ಒಟ್ಟಾದರೆ ಮಾರುವವರು ದಾರಿಗೆ ಬರುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಒಂದು ಆಕ್ಷೇಪವಿದೆ. ಬೀಗ ತೆಗೆದರೆ ಜನ ಕದ್ದು ಹಂಚುತ್ತಾರೆ, ಆಟ ತಯಾರಿಸುವ ಕೆಲಸಗಾರರ ಹೊಟ್ಟೆಗೆ ಕಲ್ಲು ಬೀಳುತ್ತದೆ ಎನ್ನುತ್ತಾರೆ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಬೆಂಗಳೂರಿನಲ್ಲೇ 1997ರಲ್ಲಿ ಧ್ರುವ ಇಂಟರಾಕ್ಟಿವ್ ಹುಟ್ಟಿದಂದಿನಿಂದ ಈ ಉದ್ಯೋಗದಲ್ಲಿ ನಮ್ಮವರ ಬೆವರೂ ಸೇರಿದೆ. ಆದರೆ ಪುರಾವೆ ಏನು ಹೇಳುತ್ತದೆ? ಅದೇ ಪೋಲೆಂಡಿನ ಕಂಪೆನಿಯ ‘ದಿ ವಿಚರ್ 3’ 2015ರಲ್ಲಿ ಹೊರಬಂದಾಗ, ಬೀಗವಿಲ್ಲದ ಪ್ರತಿ ಮೊದಲ ದಿನದಿಂದಲೇ ಸಿಗುತ್ತಿತ್ತು. ಆದರೂ ಎಲ್ಲ ಬಗೆಯ ಯಂತ್ರಗಳೂ ಸೇರಿ 2023ರ ವೇಳೆಗೆ ಅದರ 5 ಕೋಟಿ ಪ್ರತಿಗಳು ಮಾರಾಟವಾದವು. ಗಿರಾಕಿಯನ್ನು ಮೊದಲೇ ಕಳ್ಳನೆಂದು ತಿಳಿಯುವುದು ವ್ಯಾಪಾರದ ಲಕ್ಷಣವಲ್ಲ. ಹಾಗೆಂದು, ಬೀಗವಿಲ್ಲವೆಂಬ ಕಾರಣಕ್ಕೆ ಒಬ್ಬ ಕೊಂಡದ್ದನ್ನು ಊರಿಗೆಲ್ಲ ಹಂಚುವುದೂ ಸಲ್ಲದು. ಕೂಲಿಯ ಬೆಲೆ ಬಲ್ಲ ನಾವೇ ಇನ್ನೊಬ್ಬರ ಕೂಲಿಗೆ ಕೈ ಹಾಕಬಾರದು.

ಇನ್ನು ಕಾನೂನಿನ ಮಾತು. ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಂ ನಷ್ಟವಾಗದಂತೆ ಕಾಪು ಪ್ರತಿ ಮಾಡಿಟ್ಟುಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಿಂದ ಸೇರಿದ 65-ಎ ಕಲಮಾದರೋ, ಕೃತಿಸ್ವಾಮ್ಯ ಮುರಿಯುವ ಉದ್ದೇಶದಿಂದ ಇಂಥ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಸಜೆ ವಿಧಿಸುತ್ತದೆ. ಕಳ್ಳನಿಗೆ ಶಿಕ್ಷೆಯಾಗಲಿ, ತಕರಾರಿಲ್ಲ. ಆದರೆ ಕಾಪು ಪ್ರತಿಯ ಹಕ್ಕು ಕಾಗದದಲ್ಲಿ ಉಳಿದು, ಬೀಗ ಅದನ್ನು ಕೈಗೆ ಸಿಗದಂತೆ ಮಾಡಿದರೆ ಆ ಹಕ್ಕಿನಿಂದ ಬಡ ಗಿರಾಕಿಗೆ ಬಂದ ಭಾಗ್ಯವೇನು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಮಾಡಿದ ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಪರವಾನಗಿ ಮಾತ್ರ ಕೊಡುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ “ಕೊಳ್ಳಿರಿ” ಎನ್ನಕೂಡದು. ನೆಟ್ ಇಲ್ಲದೆ ಶಾಶ್ವತವಾಗಿ ಬಳಸಬಹುದಾದ ಕಡತವನ್ನು ಕೊಡುವವರಿಗೆ ಅದರಿಂದ ವಿನಾಯಿತಿ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಅದರ ಅಡಿಯಲ್ಲಿ ಇಂಥದೇ ನಿಯಮವನ್ನು ಕೇಂದ್ರ ಸರ್ಕಾರ ತರಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ತಕ್ಕಡಿಯ ಮೇಲೆ ಮುದ್ರೆ ಇಲ್ಲದಿದ್ದರೆ ಗೇರುಸೊಪ್ಪದ ಕಿರಾಣಿಯವರಿಗೆ ದಂಡ ಬೀಳುತ್ತದೆ. ಕೋಟಿಗಳ ವ್ಯಾಪಾರ ಮಾಡುವವರ ತಕ್ಕಡಿಯನ್ನೂ ಒಮ್ಮೆ ಪರೀಕ್ಷಿಸಬೇಡವೇ?

ಅಲ್ಲಿಯವರೆಗೆ ನಮ್ಮ ವಾಚಕರು ಮಾಡಬಹುದಾದದ್ದು ಇಷ್ಟು. ಮಕ್ಕಳಿಗೆ ಆಟ ಕೊಡಿಸುವ ಮುನ್ನ ಎರಡು ಪ್ರಶ್ನೆ ಕೇಳಿರಿ: ನೆಟ್ ಇಲ್ಲದಾಗ ಇದು ನಡೆಯುತ್ತದೆಯೇ? ಇದರ ಕಡತವನ್ನು ನಾವು ಬೇರೆ ಇಟ್ಟುಕೊಳ್ಳಬಹುದೇ? ಎರಡಕ್ಕೂ ಹೌದೆಂಬ ಉತ್ತರ ಬರದಿದ್ದರೆ, ನೀವು ಕೊಡುತ್ತಿರುವುದು ಗೇಣಿಯೆಂದು ತಿಳಿದು ಅದಕ್ಕೆ ತಕ್ಕ ಬೆಲೆ ಕಟ್ಟಿರಿ. ಬೀಗವಿಲ್ಲದ್ದನ್ನು ಕೊಂಡರೂ ಅಂದೇ ಕಡತ ಇಳಿಸಿ ಜೋಪಾನ ಮಾಡಿರಿ. ಅಂಗಡಿ ಮುಚ್ಚಿದ ಮೇಲೆ ಬಾಗಿಲು ಬಡಿದರೆ ಫಲವಿಲ್ಲ. ರಸೀದಿಯನ್ನೂ ಎಸೆಯಬೇಡಿರಿ.

ಕಾಗದ ಬರೆದ ಮಿತ್ರರಿಗೆ ನಮ್ಮ ಉತ್ತರ ಇದೇ: ಅಕ್ಕಿ ಕೊಂಡವನು ಅಪ್ಪಣೆ ಕೇಳಬೇಕಾಗಿಲ್ಲ. ನಿಮ್ಮ ಮಗನೂ ಕೇಳಬೇಕಾಗಿರಬಾರದು.